ಹಾಲೆಂಡಿನ ಕಾಡುದನ ನೋಡಲು ಹೋಗಿದ್ದು

ಹಾಲೆಂಡಿಗೆ ಹೋದವರು ಟ್ಯೂಲಿಪ್ ತೋಟ ನೋಡುತ್ತಾರೆ, ಗಾಳಿಗಿರಣಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಆಮ್‌ಸ್ಟರ್‌ಡ್ಯಾಮಿನ ಕಾಲುವೆಯಲ್ಲಿ ದೋಣಿ ಹತ್ತುತ್ತಾರೆ. ನಾನು ದನ ನೋಡಬೇಕು ಅಂದೆ. ಐಂಡ್‌ಹೋವನ್‌ನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗ ನಕ್ಕುಬಿಟ್ಟ. "ದನ ನೋಡೋಕೆ ಕಡೂರಿಂದ ಇಲ್ಲೀತನಕ ಬಂದ್ರಾ ಮಾಮ?"

ಅವನು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ನಮ್ಮೂರ ಡೇರಿಗೆ ಎರಡು ಹೊತ್ತು ಹಾಲು ತುಂಬಿಸುವ ಕಪ್ಪು-ಬಿಳಿ ಎಚ್‌ಎಫ್ ಹಸುವಿನ ಮೂಲ ಈ ನಾಡಿನ ಫ್ರೀಸ್‌ಲ್ಯಾಂಡ್ ಸೀಮೆಯೇ. ಆ ಹಸುವನ್ನು ನೋಡಲು ಇಷ್ಟು ದೂರ ಬರಬೇಕಾಗಿಲ್ಲ. ನನಗೆ ಬೇಕಾಗಿದ್ದು ಬೇರೆ. ಹಸುವನ್ನು ಹಾಲಿನ ಯಂತ್ರ ಮಾಡಿದ ಇದೇ ಜನ ಇನ್ನೊಂದು ಕಡೆ ಅದನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತಿದ್ದಾರೆ. ಕೊಟ್ಟಿಗೆಯಿಂದ ಕಾಡಿಗೆ, ಕೆಚ್ಚಲಿನಿಂದ ಕೊಂಬಿಗೆ. ಸತ್ತುಹೋದ ಕಾಡುದನದ ರೂಪವನ್ನು ಈಗಿರುವ ಸಾಕುದನಗಳಿಂದಲೇ ತಳಿ ಕೂಡಿಸಿ ಕೂಡಿಸಿ ಮರಳಿ ತರುವ ಪ್ರಯತ್ನ ಅದು. ಕುದುರೆಯಲ್ಲೂ ಹಾಗೇ ಮಾಡಿದ್ದಾರೆ. ಓದಿ ಗೊತ್ತಿತ್ತು, ಕಣ್ಣಾರೆ ನೋಡಬೇಕಿತ್ತು.

ಆ ಕಾಡುದನದ ಹೆಸರು ಆರಾಕ್ಸ್. ಒಂದು ಕಾಲಕ್ಕೆ ಯುರೋಪು, ಏಷ್ಯಾ, ಉತ್ತರ ಆಫ್ರಿಕಾದ ತುಂಬ ಇತ್ತು. ಹೋರಿಯ ಭುಜದ ಎತ್ತರ 160ರಿಂದ 180 ಸೆಂಟಿಮೀಟರ್, ಅಂದರೆ ನನ್ನಂಥವನ ನೆತ್ತಿಗಿಂತ ಮೇಲೆ. ಮೈ ಕಪ್ಪು, ಬೆನ್ನ ಮೇಲೆ ಉದ್ದಕ್ಕೂ ಮಾಸಲು ಬಿಳಿಯ ಗೀಟು, ಮೂತಿಯ ಸುತ್ತ ಬಿಳಿ ಬಳೆ. ಹಸುಗಳು ಹೋರಿಗಿಂತ ಚಿಕ್ಕವು, ಬಣ್ಣ ಕೆಂಗಂದು. ಗಾಲ್ ಯುದ್ಧದ ಬಗ್ಗೆ ಬರೆಯುವಾಗ ಜೂಲಿಯಸ್ ಸೀಸರ್ ಜರ್ಮನ್ ಕಾಡುಗಳ ಈ ಪ್ರಾಣಿಯನ್ನು ಆನೆಗಿಂತ ಸ್ವಲ್ಪ ಸಣ್ಣದು ಅಂದಿದ್ದಾನೆ. ಸೇನಾಪತಿಗಳ ಮಾತಿನಲ್ಲಿ ಒಂದಿಷ್ಟು ಉಬ್ಬರ ಇದ್ದೇ ಇರುತ್ತದೆ. ಬೇಟೆಯಾಡಿದರು, ಕಾಡು ಕಡಿದರು, ಸಾಕುದನಗಳು ಹುಲ್ಲುಗಾವಲನ್ನು ಆಕ್ರಮಿಸಿದವು, ಅವುಗಳ ರೋಗವೂ ತಗಲಿರಬಹುದು. ಕೊನೆಯ ಹಿಂಡು ಉಳಿದದ್ದು ಪೋಲೆಂಡಿನ ಯಾಕ್ಟೊರೂಫ್ ಕಾಡಿನಲ್ಲಿ, ರಾಜನ ರಕ್ಷಣೆಯಲ್ಲಿ. ಅವನ್ನು ನೋಡಿಕೊಳ್ಳುವ ಹಳ್ಳಿಯವರಿಗೆ ತೆರಿಗೆಯಲ್ಲಿ ವಿನಾಯಿತಿ ಕೂಡ ಇತ್ತು. 1564ರಲ್ಲಿ ಎಣಿಸಿದಾಗ 38. ಕೊನೆಯ ಹಸು ಸತ್ತದ್ದು 1627ರಲ್ಲಿ. ನಮ್ಮಲ್ಲಿ ಆಗ ಕೆಳದಿಯ ನಾಯಕರು ಆಳುತ್ತಿದ್ದರು. ಅಷ್ಟು ಈಚಿನ ಮಾತು.

ಆಮ್‌ಸ್ಟರ್‌ಡ್ಯಾಮಿನಿಂದ ಲೆಲಿಸ್ಟಾಡ್‌ಗೆ ಹೋಗುವ ರೈಲಿನಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ. ಆಲ್ಮೆರೆ ಓಸ್ಟ್‌ಫಾರ್ಡರ್ಸ್ ನಿಲ್ದಾಣ ದಾಟಿದ್ದೇ ಊರು ಕತ್ತರಿಸಿದ ಹಾಗೆ ಮುಗಿಯುತ್ತದೆ. ಹಳಿಯ ಪಕ್ಕದಲ್ಲೇ ಬೇಲಿ, ಬೇಲಿಯಾಚೆ ಕಣ್ಣು ಹರಿಯುವಷ್ಟೂ ಬಯಲು, ಅದರಾಚೆ ಜೊಂಡಿನ ಹಳದಿ ಗೆರೆ. ಅಕ್ಟೋಬರ್ ಮೊದಲ ವಾರ. ಮೋಡ ಕೆಳಗಿಳಿದು ಜಿನುಗು ಮಳೆ. ನಮ್ಮ ಬೋಗಿಯಲ್ಲಿ ಆಫೀಸಿಗೆ ಹೊರಟವರೇ ಹೆಚ್ಚು. ಯಾರೂ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಕಿಟಕಿಯಾಚೆ ಬೂದುಬಣ್ಣದ ಕುದುರೆಗಳ ದೊಡ್ಡ ಹಿಂಡು ಮಳೆಗೆ ಬೆನ್ನು ಕೊಟ್ಟು ನಿಂತಿತ್ತು. ಒಂದರ ಮೇಲೂ ಜೀನಿಲ್ಲ, ಹಗ್ಗವಿಲ್ಲ, ಲಾಳವಿಲ್ಲ.

ಇದೇ ಓಸ್ಟ್‌ಫಾರ್ಡರ್ಸ್‌ಪ್ಲಾಸನ್. ಸುಮಾರು 5,600 ಹೆಕ್ಟೇರ್. ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1968ರವರೆಗೆ ಇಲ್ಲಿ ಮೀನು ಈಜುತ್ತಿದ್ದವು. ಒಡ್ಡು ಕಟ್ಟಿ, ನೀರು ಪಂಪ್ ಮಾಡಿ ಹೊರಹಾಕಿ ದಕ್ಷಿಣ ಫ್ಲೆವೋಲ್ಯಾಂಡ್ ಎಂಬ ಹೊಸ ಭೂಮಿಯನ್ನು ಡಚ್ಚರು ಎಬ್ಬಿಸಿದ ವರ್ಷ ಅದು. ತಗ್ಗಿನ ಈ ಮೂಲೆಯನ್ನು ಕಾರ್ಖಾನೆಗಳಿಗೆಂದು ಇಟ್ಟಿದ್ದರು. ಕಾರ್ಖಾನೆ ಬರುವ ಮೊದಲು ಹಕ್ಕಿಗಳು ಬಂದವು. ಗರಿ ಉದುರಿ ಹಾರಲಾಗದ ದಿನಗಳಲ್ಲಿ ಬೂದು ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಈ ಜೌಗಿನಲ್ಲಿ ಬೀಡುಬಿಟ್ಟು ಜೊಂಡು ಮೇಯತೊಡಗಿದವು. ಜೌಗು ಮುಚ್ಚಿಹೋಗದೆ ತೆರೆದೇ ಉಳಿಯಿತು. ಫ್ರಾನ್ಸ್ ವೆರಾ ಎಂಬ ಜೀವಶಾಸ್ತ್ರಜ್ಞ ಇದನ್ನು ಕಂಡು ಒಂದು ಹೆಜ್ಜೆ ಮುಂದೆ ಯೋಚಿಸಿದರು. ಹೆಬ್ಬಾತಿಗೆ ಗರಿ ಉದುರುವ ಮೊದಲೂ ಆಮೇಲೂ ಗಿಡ್ಡ ಹುಲ್ಲು ಬೇಕು. ಗಿಡ್ಡ ಹುಲ್ಲು ಬೇಕಾದರೆ ಮೇಯುವ ದೊಡ್ಡ ಪ್ರಾಣಿ ಬೇಕು. ಆರಾಕ್ಸ್ ಇಲ್ಲ, ಕಾಡುಕುದುರೆ ಇಲ್ಲ. ಹಾಗಾದರೆ ಅವುಗಳಿಗೆ ಹತ್ತಿರದವು ಯಾವುವು?

1983ರಲ್ಲಿ, ಆರಾಕ್ಸ್‌ನ ರೂಪ ಬರಲೆಂದು ಜರ್ಮನಿಯಲ್ಲಿ ತಳಿ ಕೂಡಿಸಿದ ಹೆಕ್ ದನಗಳನ್ನು ತಂದು ಬಿಟ್ಟರು. ಮರುವರ್ಷ ಪೋಲೆಂಡಿನ ಕೋನಿಕ್ ಕುದುರೆಗಳು ಬಂದವು. 1992ರಲ್ಲಿ ಕೆಂಪು ಜಿಂಕೆ. ವೆರಾ ಅವರ ಒಟ್ಟು ವಾದ ಇನ್ನೂ ದೊಡ್ಡದು: ಹಳೆಯ ಯುರೋಪು ಬಿಸಿಲು ಬೀಳದ ದಟ್ಟ ಕಾಡಾಗಿರಲಿಲ್ಲ, ದನ-ಕುದುರೆ ಮೇದು ಮೇದು ಅದನ್ನು ಹುಲ್ಲು, ಮುಳ್ಳುಪೊದೆ, ಅಲ್ಲಲ್ಲಿ ಮರದ ತೋಪು ಇರುವ ನೆಲವಾಗಿ ಇಟ್ಟಿದ್ದವು ಅನ್ನುತ್ತಾರೆ. ಓಕ್ ಮರ ನೆರಳಲ್ಲಿ ಬೆಳೆಯುವುದಿಲ್ಲ, ಆದರೂ ಹಳೆಯ ಪರಾಗದಲ್ಲಿ ಓಕ್ ಬೇಕಾದಷ್ಟು ಸಿಗುತ್ತದೆ, ಹೇಗೆ ಅನ್ನುವುದು ಅವರ ಪ್ರಶ್ನೆ. ಒಪ್ಪದ ವಿಜ್ಞಾನಿಗಳೂ ಬಹಳ ಇದ್ದಾರೆ. ನಮ್ಮ ಸೀಮೆಯ ಕಾವಲು, ಅಂದರೆ ದನ ಮೇಯುವ ಹುಲ್ಲುಬಯಲು, ನೋಡಿ ಬೆಳೆದ ನನಗಂತೂ ಆ ವಾದ ಅಷ್ಟೇನೂ ವಿಚಿತ್ರ ಅನಿಸಲಿಲ್ಲ.

ಲೆಲಿಸ್ಟಾಡ್ ನಿಲ್ದಾಣದಿಂದ ಸೈಕಲ್. ಎದುರುಗಾಳಿ. ಈ ನಾಡಿನಲ್ಲಿ ಏರು ಇಲ್ಲ ಅನ್ನುವವರು ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅಳಿಯ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಪ್ರವಾಸಿ ಕೇಂದ್ರ ಮುಟ್ಟುವ ಹೊತ್ತಿಗೆ ಇಬ್ಬರ ಪ್ಯಾಂಟೂ ಮಂಡಿಯವರೆಗೆ ನೆನೆದಿತ್ತು. ಅಲ್ಲಿಂದ ಕಾಲುದಾರಿ ಹಿಡಿದು ಹಕ್ಕಿ ನೋಡುವ ಮರದ ಗೂಡಿಗೆ ಹೊರಟರೆ, ಬೇಲಿಯ ಆ ಬದಿಯಲ್ಲೇ ಕೋನಿಕ್‌ಗಳು ಸಿಕ್ಕವು.

ಹತ್ತು ಮಾರು ದೂರದಲ್ಲಿ ಒಂದು ಹೆಣ್ಣುಕುದುರೆ, ಪಕ್ಕದಲ್ಲಿ ಆ ವರ್ಷದ ಮರಿ. ಇಲಿಯ ಮೈಯ ಬೂದು. ಕುತ್ತಿಗೆಯ ಬುಡದಿಂದ ಬಾಲದವರೆಗೆ ಕಪ್ಪು ಪಟ್ಟೆ. ಮುಂಗಾಲಿನ ಮಂಡಿಯ ಮೇಲೆ ಮಬ್ಬಾಗಿ ಅಡ್ಡಗೀಟುಗಳು. ಚಳಿಗಾಲದ ಕೂದಲು ಆಗಲೇ ಬರತೊಡಗಿ ಗದ್ದದಡಿಯಲ್ಲಿ ಗಡ್ಡದ ಹಾಗೆ ಇಳಿದಿತ್ತು. ಜುಟ್ಟಿನಲ್ಲಿ ಮುಳ್ಳುಕಾಯಿ ಸಿಕ್ಕಿಕೊಂಡು ಗಂಟುಗಂಟಾಗಿತ್ತು. ಗೊರಸು ಯಾರೂ ಕತ್ತರಿಸಿದ್ದಲ್ಲ, ತಾನೇ ಸವೆದು ಅಂಚು ಸೀಳಿತ್ತು. ನಮ್ಮನ್ನು ಒಮ್ಮೆ ನೋಡಿತು, ಮತ್ತೆ ಮೇಯತೊಡಗಿತು. ಲದ್ದಿಯ ಗುಡ್ಡೆಯ ಸುತ್ತ ಹುಲ್ಲು ಹಸಿರಾಗಿ ಎದ್ದಿತ್ತು, ಅದಕ್ಕೆ ಮಾತ್ರ ಬಾಯಿ ಹಾಕಲಿಲ್ಲ.

ಕೋನಿಕ್ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ಯುರೋಪಿನ ಕಾಡುಕುದುರೆ ಟಾರ್ಪಾನ್‌ನ ರಕ್ತ ಇದರಲ್ಲಿ ಹೆಚ್ಚಾಗಿ ಉಳಿದಿದೆ ಎಂದು ಪೋಲೆಂಡಿನ ತದೇವುಶ್ ವೆತುಲಾನಿ ನಂಬಿದ್ದರು. 1936ರಲ್ಲಿ ಬಿಯವೋವಿಯೆಜ಼ಾ ಕಾಡಿನಲ್ಲಿ ರೈತರ ಕುದುರೆಗಳನ್ನು ಬಿಟ್ಟು ಪ್ರಯೋಗವನ್ನೂ ಶುರುಮಾಡಿದರು. ಈಗಿನ ವಂಶವಾಹಿ ಪರೀಕ್ಷೆಗಳಲ್ಲಿ ಕೋನಿಕ್ ಬೇರೆ ಸಾಕುಕುದುರೆಗಳ ಹಾಗೇ ಕಾಣುತ್ತದೆ. ಟಾರ್ಪಾನ್ ತಾನೇ ಶುದ್ಧ ಕಾಡಿನದಾಗಿರಲಿಲ್ಲ, ಬೆರಕೆಯಾಗಿತ್ತು ಎಂದು 2021ರಲ್ಲಿ ಹಳೆಯ ಡಿಎನ್‌ಎ ಓದಿದವರು ತೋರಿಸಿದರು. ಹಾಗಾಗಿ ನಾವು ನೋಡಿದ್ದು ಗಟ್ಟಿಮುಟ್ಟಾದ ಪೋಲಿಶ್ ರೈತರ ಕುದುರೆ, ಸಾಗುವಳಿಯಿಂದ ಬಿಡುಗಡೆ ಪಡೆದದ್ದು. ಅದಕ್ಕೆ ಮೈ ಚಳಿ ತಡೆಯುತ್ತದೆ, ಒರಟು ಹುಲ್ಲು ಅರಗುತ್ತದೆ, ಮರಿ ಹಾಕಲು ಡಾಕ್ಟರು ಬೇಡ. ಈ ಕೆಲಸಕ್ಕೆ ಅಷ್ಟು ಸಾಕು. "ಕಾಡುಕುದುರೆ" ಎಂಬ ಬೋರ್ಡು ಬೇಕಾಗಿರುವುದು ನಮಗೆ.

ಬೋರ್ಡಿಗೆ ತಕ್ಕ ಕುದುರೆ ನೋಡಬೇಕೆನ್ನುವವರಿಗೆ ಅದೂ ಲೆಲಿಸ್ಟಾಡ್‌ನಲ್ಲೇ ಇದೆ. ಊರಿನಾಚೆಯ ನೇಚರ್ ಪಾರ್ಕಿನಲ್ಲಿ ಪ್ರಜ್ವಾಲ್ಸ್ಕಿ ಕುದುರೆಗಳಿವೆ: ಮರಳುಬಣ್ಣ, ಬ್ರಷ್ಷಿನಂತೆ ನೆಟ್ಟಗೆ ನಿಂತ ಕುತ್ತಿಗೆಗೂದಲು, ಬಿಳಿ ಮೂತಿ. ಸಾಕುಕುದುರೆಗೆ 64 ಕ್ರೋಮೋಸೋಮ್, ಇದಕ್ಕೆ 66. ಮಂಗೋಲಿಯಾದ ಬಯಲಿನಲ್ಲಿ 1960ರ ದಶಕದಲ್ಲಿ ಇದು ಕಣ್ಮರೆಯಾದಾಗ ಮೃಗಾಲಯಗಳಲ್ಲಿದ್ದ ಬೆರಳೆಣಿಕೆಯ ಪೂರ್ವಜರಿಂದ ವಂಶ ಬೆಳೆಸಿ, 1992ರಲ್ಲಿ ಅಲ್ಲಿನ ಹುಸ್ತಾಯಿಗೆ ವಿಮಾನದಲ್ಲಿ ಮರಳಿಸಿದವರಲ್ಲಿ ಡಚ್ಚರು ಮುಂದಿದ್ದರು. ಅಲ್ಲಿ ಯಾರೂ ಹೊಸ ರೂಪ ಕೆತ್ತಲಿಲ್ಲ, ಇದ್ದದ್ದನ್ನು ಉಳಿಸಿದರು. ಈ ಎರಡು ಕೆಲಸ ಒಂದೇ ಅಲ್ಲ.

ಮರದ ಗೂಡಿನೊಳಗೆ ಹೊಕ್ಕಾಗ ಟೆಲಿಸ್ಕೋಪ್ ಇಟ್ಟುಕೊಂಡ ಹಿರಿಯರೊಬ್ಬರು ಕೂತಿದ್ದರು. ನಿವೃತ್ತ ಶಾಲಾ ಮಾಸ್ತರರಂತೆ, ಆಲ್ಮೆರೆಯವರು. ಜಾಗ ಬಿಟ್ಟುಕೊಟ್ಟು, ಕೇಳದಿದ್ದರೂ ಟೆಲಿಸ್ಕೋಪಿನಲ್ಲಿ ದನ ತೋರಿಸಿದರು. ಹೆಕ್ ದನ. ಕಂದು-ಕಪ್ಪು ಹೋರಿ ಒಂದು ಒಣಗಿದ ಎಲ್ಡರ್ ಮರದ ಬೊಡ್ಡೆಗೆ ಕತ್ತು ಉಜ್ಜುತ್ತಿತ್ತು. ಕೊಂಬು ದೊಡ್ಡದೇ, ತುದಿ ಹೊರಗೆ ತಿರುಗಿತ್ತು. ಎತ್ತರ ಮಾತ್ರ ನಮ್ಮ ಉಳುವ ಎತ್ತಿಗಿಂತ ಹೆಚ್ಚೇನಿಲ್ಲ. ತಳಿಯ ಅಳತೆಯಲ್ಲೂ ಹೋರಿಗೆ 140 ಸೆಂಟಿಮೀಟರ್ ಅಂದಾಜು. ಸೀಸರನ ಆನೆ ಎಲ್ಲಿ, ಇದೆಲ್ಲಿ.

ಈ ದನದ ಹುಟ್ಟಿನ ಕತೆ ಅದರ ಮೈಗಿಂತ ಕುತೂಹಲದ್ದು. ಹೈನ್ಸ್ ಹೆಕ್ ಮತ್ತು ಲುಟ್ಸ್ ಹೆಕ್ ಎಂಬ ಅಣ್ಣತಮ್ಮಂದಿರು ಜರ್ಮನಿಯ ಮೃಗಾಲಯಗಳಲ್ಲಿ ಬೆಳೆದವರು. ಅಪ್ಪನೂ ಬರ್ಲಿನ್ ಮೃಗಾಲಯದ ಮುಖ್ಯಸ್ಥ. ಹೈನ್ಸ್ ಮ್ಯೂನಿಕ್‌ನ ಹೆಲಬ್ರುನ್ ಮೃಗಾಲಯ ನಡೆಸಿದರೆ, ಲುಟ್ಸ್ ಬರ್ಲಿನ್‌ನಲ್ಲಿ ಅಪ್ಪನ ಕುರ್ಚಿಗೆ ಬಂದ. 1920ರ ದಶಕದಲ್ಲಿ ಇಬ್ಬರೂ ಬೇರೆಬೇರೆಯಾಗಿ ಆರಾಕ್ಸ್ ಎಬ್ಬಿಸಲು ಹೊರಟರು. ಅವರ ತರ್ಕ ಸರಳ: ಪ್ರಾಣಿಯ ಗುಣಗಳು ಎಲ್ಲೂ ಹೋಗಿಲ್ಲ, ನೂರಾರು ತಳಿಗಳಲ್ಲಿ ಚೆದುರಿವೆ, ಒಟ್ಟುಗೂಡಿಸಿದರೆ ಆಯಿತು. ಹೈನ್ಸ್ ಹಂಗೇರಿಯ ಬೂದು ದನ, ಸ್ಕಾಟ್‌ಲ್ಯಾಂಡಿನ ಹೈಲ್ಯಾಂಡ್, ಕಾರ್ಸಿಕಾದ್ವೀಪದ ದನ ಎಲ್ಲ ಬೆರೆಸಿದ. ಲುಟ್ಸ್ ಸ್ಪೇನಿನ ಗೂಳಿಕಾಳಗದ ಹೋರಿಯನ್ನು ಹೆಚ್ಚಾಗಿ ನೆಚ್ಚಿದ. 1932ರಲ್ಲಿ ಮ್ಯೂನಿಕ್‌ನಲ್ಲಿ ಗ್ಲಾಖ್ಲ್ ಎಂಬ ಹೋರಿಕರು ಹುಟ್ಟಿತು. ಮುಕ್ಕಾಲು ಪಾಲು ಕಾರ್ಸಿಕಾದ ರಕ್ತ. ಹೈನ್ಸ್ ಗೆದ್ದೆ ಅಂದುಕೊಂಡ.

ಹತ್ತು-ಹನ್ನೆರಡು ವರ್ಷ. ದನದಲ್ಲಿ ಅದು ಎಷ್ಟು ತಲೆಮಾರು? ಕಡಸು ಬೆದೆಗೆ ಬಂದು, ಗಬ್ಬ ನಿಂತು, ಕರು ಹಾಕಿ, ಆ ಕರು ಬೆಳೆಯುವ ಲೆಕ್ಕ ಗೊತ್ತಿರುವ ಯಾರಾದರೂ ಹೇಳಿಬಿಡುತ್ತಾರೆ, ಇಷ್ಟರಲ್ಲಿ ತಳಿ ನೆಲೆ ನಿಲ್ಲುವುದಿಲ್ಲ ಅಂತ. ನಿಲ್ಲಲೂ ಇಲ್ಲ. ಇವತ್ತಿಗೂ ಹೆಕ್ ಹಿಂಡಿನಲ್ಲಿ ಒಂದರ ಕೊಂಬು ಮೇಲೆ, ಒಂದರದು ಪಕ್ಕಕ್ಕೆ; ಒಂದು ಕರಿದು, ಒಂದು ಮಾಸಲು.

ಲುಟ್ಸ್‌ನ ಕಡೆಯ ಕತೆ ಕೆಟ್ಟದ್ದು. ಅವನು ನಾಜಿ ಪಕ್ಷದ ಸದಸ್ಯ, ಹಿಟ್ಲರನ ಮಂತ್ರಿ ಹರ್ಮನ್ ಗೋರಿಂಗ್‌ನ ಬೇಟೆಯ ಗೆಳೆಯ. ಜರ್ಮನಿಯ ಬೇಟೆಗೆಲ್ಲ ತಾನೇ ಒಡೆಯನೆನಿಸಿಕೊಂಡಿದ್ದ ಗೋರಿಂಗ್‌ಗೆ ಪುರಾಣಕಾಲದ ಕಾಡು, ಅದರಲ್ಲಿ ಪುರಾಣಕಾಲದ ಗೂಳಿ ಬೇಕಾಗಿತ್ತು. ಲುಟ್ಸ್‌ನ ದನಗಳನ್ನು ರೊಮಿಂಟನ್ ಕಾಡಿಗೂ ಆಕ್ರಮಿತ ಪೋಲೆಂಡಿನ ಬಿಯವೋವಿಯೆಜ಼ಾಗೂ ಬಿಟ್ಟರು. ವಾರ್ಸಾ ಮೃಗಾಲಯದ ಒಳ್ಳೊಳ್ಳೆಯ ಪ್ರಾಣಿಗಳನ್ನು ಜರ್ಮನಿಗೆ ಹೊಡೆದುಕೊಂಡು ಹೋದವನೂ ಇವನೇ. ಆ ಕಾಡುಗಳ ಜನರನ್ನು ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತು. ಯುದ್ಧ ಮುಗಿದಾಗ ಲುಟ್ಸ್‌ನ ದನಗಳೂ ಮುಗಿದಿದ್ದವು. ಈಗಿರುವ ಹೆಕ್ ದನಗಳು ಮ್ಯೂನಿಕ್‌ನ ಹೈನ್ಸ್‌ನ ಹಿಂಡಿನಿಂದ ಬಂದವು. ಈ ಇತಿಹಾಸಕ್ಕೆ ಆ ಹೋರಿ ಏನೂ ಮಾಡಲಾಗದು, ಪಾಪ. ಆದರೂ ಇಂಗ್ಲೆಂಡಿನ ಡೆವನ್‌ನಲ್ಲಿ ರೈತರೊಬ್ಬರು ಸಾಕಿದ್ದ ಹೆಕ್ ದನಗಳು ಜನರ ಮೇಲೇರಿ ಬಂದಾಗ, 2015ರಲ್ಲಿ ಹಲವನ್ನು ಕಸಾಯಿಖಾನೆಗೆ ಕಳಿಸಬೇಕಾಯಿತು. ಪತ್ರಿಕೆಗಳು ಅವನ್ನು "ನಾಜಿ ದನ" ಎಂದೇ ಕರೆದವು.

ಗೂಡಿನಲ್ಲಿದ್ದ ಹಿರಿಯರು ಹೆಕ್ ಸಹೋದರರ ಮಾತಿಗೆ ಕೈಬೀಸಿದರು. ಅವರ ಮನಸ್ಸಿನಲ್ಲಿದ್ದದ್ದು 2018ರ ಚಳಿಗಾಲ. ಇಲ್ಲಿ ಬೇಟೆಯಾಡುವ ಪ್ರಾಣಿ ಇರಲಿಲ್ಲ, ಮೇವು ಹಾಕುತ್ತಿರಲಿಲ್ಲ, ಸುತ್ತ ಬೇಲಿ. ಬೇಸಿಗೆಯಲ್ಲಿ ಮರಿ ಹಾಕುತ್ತ ಹಾಕುತ್ತ ಪ್ರಾಣಿಗಳ ಸಂಖ್ಯೆ 5,000 ದಾಟಿತ್ತು. ಚಳಿಗೆ ಹುಲ್ಲು ನಿಂತುಹೋಯಿತು. ಎಲುಬು ಎಣಿಸಬಹುದಾದ ಕುದುರೆಗಳು ರೈಲಿನ ಕಿಟಕಿಯಿಂದಲೇ ಕಾಣುತ್ತಿದ್ದವು. ಆ ಚಳಿಗಾಲ ಮುಗಿಯುವಷ್ಟರಲ್ಲಿ 3,000ಕ್ಕೂ ಹೆಚ್ಚು ಸತ್ತವು. ಅವುಗಳಲ್ಲಿ ಸುಮಾರು ಶೇ. 90ನ್ನು ಅರಣ್ಯ ಇಲಾಖೆಯವರೇ, ಹೇಗೂ ಉಳಿಯುವುದಿಲ್ಲ ಎಂದು ಕಂಡಾಗ, ಗುಂಡಿಟ್ಟು ಕೊಂದರು. ಜನ ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಪಿಂಡಿ ತಂದು ಬೇಲಿಯಾಚೆ ಎಸೆದರು. ಸಿಬ್ಬಂದಿಗೆ ಕೊಲೆ ಬೆದರಿಕೆ ಬಂದವು.

"ನಮ್ಮ ಬೀದಿಯವರೂ ಹುಲ್ಲು ಒಯ್ದರು. ನಾನು ಹೋಗಲಿಲ್ಲ," ಅಂದರು ಹಿರಿಯರು. ಯಾಕೆ ಅಂದೆ. ಒಂದು ಚಳಿಗಾಲಕ್ಕೆ ಹುಲ್ಲು ಹಾಕಿದರೆ ಮುಂದಿನ ಚಳಿಗಾಲಕ್ಕೆ ಇನ್ನಷ್ಟು ಬಾಯಿ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಆಗ ರೈಲಿನಲ್ಲಿ ಬಲಗಡೆ ಕೂರುತ್ತಿದ್ದೆ" ಅಂತಲೂ ಸೇರಿಸಿದರು.

ಮೂಲ ಯೋಜನೆಯಲ್ಲಿ ಇಲ್ಲಿಂದ ವೆಲುವೆ ಕಾಡಿನವರೆಗೆ ಒಂದು ಹಸಿರು ದಾರಿ ಬಿಡಬೇಕೆಂದಿತ್ತು. ಚಳಿಗೆ ಪ್ರಾಣಿಗಳು ತಗ್ಗಿನಿಂದ ಎತ್ತರಕ್ಕೆ, ಹುಲ್ಲಿನಿಂದ ಮರದ ಆಸರೆಗೆ ಹೋಗಬಹುದಿತ್ತು. ಜಮೀನು ಕೊಳ್ಳುವುದೂ ಶುರುವಾಗಿತ್ತು. ಸರ್ಕಾರ ಬದಲಾಯಿತು, 2010ರಲ್ಲಿ ದುಡ್ಡು ನಿಂತಿತು, ದಾರಿ ಕಾಗದದಲ್ಲೇ ಉಳಿಯಿತು. ನನ್ನ ಪ್ರಕಾರ ಸೋತದ್ದು ದನದ ತಳಿಯೂ ಅಲ್ಲ, ವೆರಾ ಅವರ ವಾದವೂ ಅಲ್ಲ. ಬೇಲಿಯೊಳಗೆ ಕೂಡಿಹಾಕಿ ಕಾಡು ಅಂತ ಕರೆದದ್ದು. ಓಡಿಹೋಗಲು ದಾರಿ ಇಲ್ಲದ ಪ್ರಾಣಿ ಹಸಿದರೆ ಅದಕ್ಕೆ ಹೊಣೆ ಬೇಲಿ ಹಾಕಿದವರದೇ. 2018ರಲ್ಲಿ ಪ್ರಾಂತೀಯ ಸರ್ಕಾರ ಅದನ್ನು ಒಪ್ಪಿಕೊಂಡಂತಾಯಿತು: ದೊಡ್ಡ ಪ್ರಾಣಿಗಳು ಒಟ್ಟು 1,500 ಮೀರಬಾರದು ಎಂದು ನಿಯಮ ಮಾಡಿದರು. ಈಗ ಹೆಚ್ಚಾದದ್ದನ್ನು ಬೇರೆಡೆ ಸಾಗಿಸುತ್ತಾರೆ, ಇಲ್ಲವೇ ಕೊಲ್ಲುತ್ತಾರೆ.

ಒಳ್ಳೆಯದೂ ಆಗಿದೆ, ಅದನ್ನು ಬಿಡಬಾರದು. ನೆದರ್‌ಲ್ಯಾಂಡ್ಸ್‌ನಲ್ಲಿ ಈಚಿನ ಶತಮಾನಗಳಲ್ಲಿ ಗೂಡು ಕಟ್ಟದಿದ್ದ ಬಿಳಿಬಾಲದ ಕಡಲ ಹದ್ದು 2006ರಲ್ಲಿ ಇಲ್ಲಿ ಮರಿ ಮಾಡಿತು. ನಾವು ಹೊರಡುವ ಮುಂಚೆ ಒಂದು ಜೋಡಿ ಜೊಂಡಿನ ಮೇಲೆ ಬಾಗಿಲಿನಷ್ಟು ಅಗಲದ ರೆಕ್ಕೆ ಬಿಚ್ಚಿ ಸುತ್ತು ಹಾಕಿತು. ಹೆಬ್ಬಾತುಗಳೆಲ್ಲ ಒಟ್ಟಿಗೇ ಎದ್ದವು. ಆ ಗದ್ದಲದಲ್ಲಿ ಅಳಿಯ ಏನೋ ಹೇಳಿದ್ದು ಕೇಳಿಸಲೇ ಇಲ್ಲ.

ವಾರಾಂತ್ಯಕ್ಕೆ ದಕ್ಷಿಣಕ್ಕೆ, ಅಳಿಯನ ಕಾರಿನಲ್ಲಿ. ಉಡೆನ್ ಪಟ್ಟಣದ ಪಕ್ಕದ ಮಾಸ್‌ಹೋರ್ಸ್ಟ್ ಕಾಡು ಐಂಡ್‌ಹೋವನ್‌ಗೆ ಹತ್ತಿರ. ಐಂಡ್‌ಹೋವನ್ ಸುತ್ತ ಈಗ ಕನ್ನಡದವರು ಸಾಕಷ್ಟಿದ್ದಾರೆ, ರಾಜ್ಯೋತ್ಸವವನ್ನೂ ಮಾಡುತ್ತಾರೆ. ಆದರೆ ಅಳಿಯನ ಗೆಳೆಯರಲ್ಲಿ ಒಬ್ಬರೂ ಈ ಕಾಡಿಗೆ ಕಾಲಿಟ್ಟವರಲ್ಲ. ಬಿರಿಯಾನಿ ಕಟ್ಟಿಕೊಂಡು ಬರಲು ಹೇಳಿ ಮಾಡಿಸಿದ ಜಾಗ.

ಕಾಡಿನೊಳಗೆ ಹೋಗುತ್ತಿದ್ದಂತೆ ಚರಂಡಿಯಲ್ಲಿ ಹರಿಯುವ ನೀರು ತುಕ್ಕಿನ ಬಣ್ಣದ್ದು. ಭೂಮಿಯೊಳಗೆ ಇಲ್ಲೊಂದು ಬಿರುಕಿದೆ, ಅಂತರ್ಜಲ ಅದನ್ನು ದಾಟಲಾರದೆ ಮೇಲಕ್ಕೆ ಒಸರುತ್ತದೆ, ಕಬ್ಬಿಣದಂಶ ಗಾಳಿ ತಾಗಿ ಕೆಂಪಾಗುತ್ತದೆ. ವಿಚಿತ್ರವೆಂದರೆ ಎತ್ತರದ ಬದಿ ಒದ್ದೆ, ತಗ್ಗಿನ ಬದಿ ಒಣ. ಹೂವು ಮುಗಿದ ಹೆದರ್ ಪೊದೆಗಳು ಕಂದಾಗಿದ್ದವು. ಕಂದು ಮೈ, ಹಿಟ್ಟು ಮೆತ್ತಿದಂಥ ಮೂತಿಯ ಎಕ್ಸ್‌ಮೂರ್ ಕುದುರೆಗಳು ದಾರಿಗೆ ಅಡ್ಡ ನಿಂತಿದ್ದವು. ಇಲ್ಲಿ ಯುರೋಪಿನ ಕಾಡೆಮ್ಮೆ ವಿಸೆಂಟ್ ಕೂಡ ಇದೆ, 2016ರಲ್ಲಿ ತಂದದ್ದು. ಅದು ನಮಗೆ ದರ್ಶನ ಕೊಡಲಿಲ್ಲ.

ತೌರೋಸ್ ಎಂಬ ಹೊಸ ತಳಿಯ ದನ ದರ್ಶನ ಕೊಟ್ಟಿತು. ಹೆಕ್ ಸಹೋದರರು ಅವಸರ ಮಾಡಿದ ಕೆಲಸವನ್ನು ನಿಧಾನಕ್ಕೆ, ಲೆಕ್ಕವಿಟ್ಟು ಮಾಡೋಣವೆಂದು ರೊನಾಲ್ಡ್ ಗೋಡರಿ ಮತ್ತು ಅವರ ತೌರಸ್ ಪ್ರತಿಷ್ಠಾನದವರು 2008ರಲ್ಲಿ ಶುರುಮಾಡಿದ ಯೋಜನೆ ಇದು. ಇಟಲಿಯ ಮರೆಮ್ಮಾನಾದಿಂದ ಮೈಕಟ್ಟು-ಕೊಂಬು, ಸ್ಪೇನಿನ ಸಯಗೇಸಾದಿಂದ ಎತ್ತರ, ಜೊತೆಗೆ ಸ್ಪೇನಿನದೇ ಪಹುನಾ ಮತ್ತು ಲಿಮಿಯಾ, ಪೋರ್ಚುಗಲ್‌ನ ಮರೊನೇಸಾ, ಹೈಲ್ಯಾಂಡ್. ಯಾವುದೂ ಹೆಚ್ಚು ಹಾಲಿನ ತಳಿ ಅಲ್ಲ, ಒರಟು ನೆಲದ ಹಳೆಯ ದನಗಳು. ಇಂಗ್ಲೆಂಡಿನ ಗುಹೆಯೊಂದರಲ್ಲಿ ಸಿಕ್ಕ ಸುಮಾರು 6,750 ವರ್ಷ ಹಳೆಯ ಆರಾಕ್ಸ್ ಎಲುಬಿನ ಇಡೀ ಜೀನೋಮ್ 2015ರಲ್ಲಿ ಪ್ರಕಟವಾದ ಮೇಲೆ ಹೋಲಿಸಿ ನೋಡಲು ಒಂದು ಆಧಾರವೂ ಸಿಕ್ಕಿತು. ಹೆಕ್‌ಗಳಿಗೆ ಇದ್ದದ್ದು ಗುಹಾಚಿತ್ರ, ಅಸ್ಥಿಪಂಜರ ಮತ್ತು ಕಲ್ಪನೆ.

ಹೋರಿ ಬರ್ಚ್ ಮರಗಳ ಅಂಚಿನಲ್ಲಿ ನಿಂತಿತ್ತು. ಕರ್ರಗಿನ ಮೈ. ಬೆನ್ನ ಮೇಲಿನ ಗೀಟು ದುರ್ಬೀನಿನಲ್ಲಿ ಚೊಕ್ಕವಾಗಿ ಕಾಣುತ್ತಿತ್ತು. ಮೂತಿಯ ಬಿಳಿ ಬಳೆಯ ಮೇಲೆ ಮಣ್ಣು. ಕಾಲು ಉದ್ದ, ಹೊಟ್ಟೆ ಎತ್ತಿಕಟ್ಟಿದೆ, ಗಂಗೆದೊಗಲು ಹೆಚ್ಚಿಲ್ಲ, ಭುಜದ ಮಾಂಸಖಂಡ ಹಿಂಭಾಗಕ್ಕಿಂತ ಭಾರ. ಕೊಂಬು ಪಕ್ಕಕ್ಕೆ ಹೊರಟು, ಮುಂದಕ್ಕೆ ಬಾಗಿ, ತುದಿಯಲ್ಲಿ ಒಳಕ್ಕೆ ತಿರುಗಿತ್ತು. ಗುಹಾಚಿತ್ರದಲ್ಲಿ ಇರುವ ಹಾಗೇ. ನನಗೆ ನಿಜಕ್ಕೂ ಮೈ ಜುಂ ಅಂದಿತು. ಅಷ್ಟರಲ್ಲಿ ಅದು ನೊಣ ಓಡಿಸಲು ಕಿವಿ ಬೀಸಿತು. ಎರಡೂ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಬಿಲ್ಲೆಯ ಮೇಲೆ ಬಾರ್‌ಕೋಡ್.

ಅಳಿಯ ಜೋರಾಗಿ ನಕ್ಕ. "ಆಧಾರ್ ಕಾರ್ಡ್ ಮಾಮ!"

ಕಾನೂನಿನ ಕಣ್ಣಿಗೆ ಇದು ದನವೇ. ದನ ಅಂದಮೇಲೆ ಒಡೆಯ ಬೇಕು, ನೋಂದಣಿ ಬೇಕು, ರೋಗ ತಪಾಸಣೆ ಬೇಕು, ಸಂಖ್ಯೆ ಹೆಚ್ಚಾದರೆ ಹಿಂಡಿನಿಂದ ತೆಗೆಯಬೇಕು. ಹಾಗೆ ತೆಗೆದ ಹೋರಿಗಳ ಮಾಂಸವನ್ನು ಕಾಡಿನ ಮಾಂಸವೆಂದು ಮಾರಿ ಯೋಜನೆಯ ಖರ್ಚಿಗೆ ಒಂದಿಷ್ಟು ಹೊಂದಿಸುತ್ತಾರೆ. ಪ್ರವಾಸಿ ಕೇಂದ್ರದಲ್ಲಿದ್ದ ಸ್ವಯಂಸೇವಕಿ ಇದನ್ನು ಏನೂ ಮುಚ್ಚುಮರೆಯಿಲ್ಲದೆ ಹೇಳಿದರು. "ತೋಳ ಮಾಡಬೇಕಾದ ಕೆಲಸ ನಾವು ಮಾಡುತ್ತೇವೆ, ರಸೀದಿ ಸಮೇತ" ಅಂದರು. ತೋಳವೂ ಈ ನಾಡಿಗೆ ಮರಳಿದೆ, 2019ರಲ್ಲಿ ವೆಲುವೆಯಲ್ಲಿ ಮೊದಲ ಸಂಸಾರ ಹೂಡಿತು. ಅದನ್ನು ಯಾರೂ ತಳಿ ಕೂಡಿಸಿ ಮಾಡಲಿಲ್ಲ, ಜರ್ಮನಿಯಿಂದ ನಡೆದುಕೊಂಡು ಬಂತು. ಕುರಿ ಸಾಕುವವರಿಗೂ ಅದಕ್ಕೂ ಈಗ ದಿನಾ ಜಟಾಪಟಿ.

"ಇದು ಯಾವಾಗ ಆರಾಕ್ಸ್ ಆಗುತ್ತೆ?" ಅಂತ ಅಳಿಯ ಅವರನ್ನು ಕೇಳಿದ. ಆರಾಕ್ಸ್ ಆಗುವುದಿಲ್ಲ, ಆರಾಕ್ಸ್ ಮಾಡುತ್ತಿದ್ದ ಕೆಲಸ ಮಾಡಿದರೆ ಸಾಕು ಅಂದರು. ಹಾಗಾದರೆ ಕೊಂಬು, ಬಣ್ಣ, ಬೆನ್ನ ಗೀಟಿಗೆ ಇಷ್ಟು ಪಾಡು ಯಾಕೆ ಅಂತ ನಾನು ಕೇಳಿದೆ. ಅವರು ನಕ್ಕು, ಹೈಲ್ಯಾಂಡ್ ದನ ನೋಡಲು ಯಾರು ಬರುತ್ತಾರೆ, ನೀವು ಬರುತ್ತಿದ್ದಿರಾ ಅಂದರು. ನಾನು ಸುಮ್ಮನಾದೆ.

ವಾಪಸ್ ಬರುವಾಗ ಕಾರಿನಲ್ಲಿ ಅಳಿಯ, "ನಮ್ಮಲ್ಲೂ ಹೀಗೆ ಮಾಡಬಹುದಲ್ಲ" ಅಂದ. ನಮ್ಮ ದನದ ಪೂರ್ವಜ ಇದಲ್ಲ, ಇದರ ದಾಯಾದಿ ಅಂದೆ. ಭಾರತದ ಆರಾಕ್ಸ್ ಬೇರೆಯದೇ ಕವಲು. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರು ನರ್ಮದಾ ನದಿಯದು. ಸಿಂಧೂ ಬಯಲಿನ ಮೆಹರ್‌ಗಢದ ಸುತ್ತ ಸುಮಾರು 8,000 ವರ್ಷದ ಹಿಂದೆ ಅದನ್ನು ಪಳಗಿಸಿದರು. ಭುಜದ ಇಣಿ ಇರುವ ನಮ್ಮ ದನಗಳ ಮೂಲ ಅಲ್ಲಿದೆ. ಬಳ್ಳಾರಿ ಪಕ್ಕದ ಕುಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ಹೊಸ ಶಿಲಾಯುಗದವರು ಕುಟ್ಟಿ ಕೊರೆದ ಉದ್ದ ಕೊಂಬಿನ ದನಗಳಿವೆ. ಅವುಗಳ ಮುಂದೆ ಅಮೃತ್ ಮಹಲ್ ಹೋರಿಯನ್ನು ನಿಲ್ಲಿಸಿದರೆ ತಳಿ ಕೂಡಿಸುವ ಅಗತ್ಯವೇ ಕಾಣುವುದಿಲ್ಲ.

ಅಮೃತ್ ಮಹಲ್ ದನ ನನಗೆ ಚಿಕ್ಕಂದಿನಿಂದ ಗೊತ್ತು. ಮೈಸೂರು ಒಡೆಯರ ಬೆಣ್ಣೆಚಾವಡಿಯ ಹಸುಗಳು ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಅನಿಸಿಕೊಂಡವು, ಫಿರಂಗಿ ಎಳೆದವು. ಹಗಲೂ ರಾತ್ರಿ ಕಾವಲಿನಲ್ಲೇ ಇರುವ ದನ. ಪರಿಚಯವಿಲ್ಲದವರು ಹತ್ತಿರ ಹೋದರೆ ತಲೆ ಬಗ್ಗಿಸಿ ಬುಸುಗುಟ್ಟುತ್ತದೆ. ಅಜ್ಜಂಪುರದ ತಳಿ ಕೇಂದ್ರದಲ್ಲಿ ಈಗಲೂ ಇವೆ. ಕಾವಲುಗಳೇ ಹೆಚ್ಚು ಉಳಿದಿಲ್ಲ. ಒಂದೊಂದಾಗಿ ಉಳುಮೆಗೆ, ಸೈಟಿಗೆ, ನೆಡುತೋಪಿಗೆ ಹೋದವು. ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10,000 ಎಕರೆ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ಡಚ್ಚರು ಸಮುದ್ರದಿಂದ ನೆಲ ಎತ್ತಿ ಅದಕ್ಕೆ ತಕ್ಕ ದನ ಹುಡುಕುತ್ತಿದ್ದಾರೆ. ನಮ್ಮ ಹತ್ತಿರ ದನ ಸಿದ್ಧವಾಗಿದೆ, ನೆಲವನ್ನು ಬೇಲಿ ಹಾಕಿ ಕೊಟ್ಟುಬಿಟ್ಟೆವು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿರಬೇಕು. ಅಳಿಯ ಹಾಡು ಹಾಕಿದ.

ಹೋಗುವ ಮನಸ್ಸಿರುವವರಿಗೆ: ಓಸ್ಟ್‌ಫಾರ್ಡರ್ಸ್‌ಪ್ಲಾಸನ್‌ಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಒಳ್ಳೆಯದು, ಗಂಡು ಜಿಂಕೆಗಳು ಬೆದೆಗೆ ಬಂದು ಕೂಗುವುದು ಒಡ್ಡಿನ ರಸ್ತೆಯವರೆಗೂ ಕೇಳಿಸುತ್ತದೆ. ಹೆಬ್ಬಾತಿನ ಜಾತ್ರೆ ನೋಡಬೇಕಾದರೆ ಮೇ-ಜೂನ್. ಬೇಲಿಯೊಳಗೆ ಬಿಡುವುದಿಲ್ಲ, ದುರ್ಬೀನು ಇಲ್ಲದೆ ಹೋಗಬೇಡಿ. ಮಾಸ್‌ಹೋರ್ಸ್ಟ್‌ನಲ್ಲಿ ಬೇಲಿಯೊಳಗೇ ನಡೆಯಬಹುದು, ಹಾಗಾಗಿ ಕರು ಇರುವ ಹಸುವಿನಿಂದ ದೂರವಿರಿ, ಸೆಲ್ಫಿಯ ಆಸೆ ಬಿಡಿ. ಉಡೆನ್‌ಗೆ ರೈಲಿಲ್ಲ. ಐಂಡ್‌ಹೋವನ್‌ನಿಂದ ಬಸ್ಸಿದೆ.